ಅಂಗಳದ ಹಳೇ ಬೆಂಚುಗಳನ್ನು ಎಂತ ಮಾಡುವುದು?

ನಮ್ಮ ಮದ್ರಸದ ಹಿಂದೆ, ಹೌಳ್‌ನ ಗೋಡೆಗೆ ತಾಗಿ 9 ಬೆಂಚುಗಳು ಎರಡು ಮಳೆಗಾಲ ನೆನೆದು ಬಿದ್ದಿದ್ದವು. ಹೊಸ ಡೆಸ್ಕ್‌ಗಳು ಬಂದಾಗ ಹೊರಗೆ ಹಾಕಿದ್ದು. ಮೊದಮೊದಲು ಜುಮಾಕ್ಕೆ ಬರುವ ಹಿರಿಯರು ಅದರ ಮೇಲೆ ಕೂತು ಮಾತಾಡುತ್ತಿದ್ದರು. ಆಮೇಲೆ ಒಂದರ ಕಾಲು ಕುಂಬಾಗಿ ವಾಲಿತು, ಹಾಜಿಯಾರ್ ಒಬ್ಬರು ಬೀಳುವುದು ಸ್ವಲ್ಪದರಲ್ಲೇ ತಪ್ಪಿತು.

ಕಮಿಟಿ ಕೂತಾಗ ಎರಡು ಮಾತು ಬಂತು. ಗುಜರಿಗೆ ಕೊಡುವ ಎಂದರು ಕೆಲವರು. ಗುಜರಿಯ ಕಾಕ ನೋಡಿ, "ಕಬ್ಬಿಣ ಆದ್ರೆ ತೂಕಕ್ಕೆ ಹಣ ಕೊಡ್ಬಹುದಿತ್ತು ಉಸ್ತಾದರೇ, ಮರ ತಗೊಂಡು ನಾನು ಎಂತ ಮಾಡ್ಲಿ?" ಎಂದುಬಿಟ್ಟರು. ನೇರ್ಚೆಯ ದಿನ ತುಪ್ಪದನ್ನಕ್ಕೆ ಒಲೆಗೆ ಹಾಕುವ ಎಂದರು ಇನ್ನು ಕೆಲವರು. ಅಷ್ಟರಲ್ಲಿ ಮೂಲೆಯಲ್ಲಿದ್ದ ಒಬ್ಬರು ಮೆಲ್ಲ ಹೇಳಿದರು: "ಅದರಲ್ಲಿ ಒಂದು ನಮ್ಮ ಬಾಪ ಕೊಟ್ಟದ್ದು." ಮತ್ತೆ ಯಾರೂ ಮಾತಾಡಲಿಲ್ಲ.

ಇಲ್ಲಿ ಮಸ್ಅಲ ಉಂಟು. ಬೆಂಚು ವಕ್ಫ್ ಮಾಡಿದ್ದೋ, ಕಮಿಟಿಯ ಹಣದಿಂದ ತಂದದ್ದೋ ಎಂಬುದನ್ನು ಮೊದಲು ನೋಡಬೇಕು. ಎರಡಕ್ಕೂ ಒಂದೇ ಹುಕ್ಮ್ ಅಲ್ಲ. ಮಸೀದಿಯ ಚಾಪೆ ಸವೆದು, ತೊಲೆ ಮುರಿದು, ಸುಡುವುದಕ್ಕೆ ಬಿಟ್ಟು ಬೇರೆ ಯಾವುದಕ್ಕೂ ಬಾರದ ಹಾಗಾದರೆ ಅದನ್ನು ಮಾರಬಹುದು ಎಂಬುದೇ ಹೆಚ್ಚು ಸರಿಯಾದ ಅಭಿಪ್ರಾಯ ಎಂದು ಇಮಾಮ್ ನವವಿಯವರು ಮಿನ್ಹಾಜ್‌ನಲ್ಲಿ ಬರೆದಿದ್ದಾರೆ. ಸುಡುವುದಕ್ಕೆ ಬಿಟ್ಟು ಬೇರೆ ಯಾವುದಕ್ಕೂ ಬಾರದು ಎಂಬ ಆ ಶರತ್ತನ್ನು ನಾವು ಬಹಳ ಸಲ ಹಾರಿಸಿಬಿಡುತ್ತೇವೆ. ನಿಮ್ಮ ಮೊಹಲ್ಲಾದಲ್ಲಿ ಇಂಥದ್ದು ಬಂದರೆ ಖತೀಬರನ್ನು ಕೇಳಿಯೇ ಮುಂದೆ ಹೋಗಿ.

ಹಾಗಾಗಿ ನಾವು ಆಚಾರಿಯನ್ನು ಕರೆಸಿದೆವು. ಅವರು ಸುತ್ತಿಗೆಯ ಹಿಡಿಯಿಂದ ಒಂದೊಂದಕ್ಕೂ ಬಡಿದು ನೋಡಿದರು. ಸದ್ದು ಗಟ್ಟಿ ಬಂದರೆ ಒಳಗೆ ಮರ ಉಂಟು, ಡೊಳ್ಳು ಬಂದರೆ ಗೆದ್ದಲು ತಿಂದಿದೆ. ಹಲಸಿನದ್ದು, ತೇಗದ್ದು ಎಲ್ಲ ಗಟ್ಟಿಯೇ. ಮಾವಿನದ್ದು ಎರಡು ಪುಡಿ. ಮಾವಿನ ಮರವನ್ನು ನಮ್ಮ ಮಳೆಗೆ ಹೊರಗೆ ಇಡುವುದೇ ತಪ್ಪು, ಅಗ್ಗಕ್ಕೆ ಸಿಗುತ್ತದೆಂದು ಮಾಡಿಸುತ್ತೇವೆ.

ಕುಂಬಾದದ್ದು ಹೆಚ್ಚಾಗಿ ಕಾಲಿನ ತುದಿ ಮಾತ್ರ. ಮರದ ಅಡ್ಡ ಕುಯ್ದ ತುದಿ ನೆಲದ ನೀರನ್ನು ಬತ್ತಿಯ ಹಾಗೆ ಎಳೆಯುತ್ತದೆ. 4 ಬೆಂಚುಗಳ ಕಾಲನ್ನು ಮೂರು ಇಂಚು ಕುಯ್ದದ್ದಷ್ಟೇ, ಅವು ಒಂದನೇ ತರಗತಿಯ ಮಕ್ಕಳಿಗೆ ಸರಿಯಾದ ಎತ್ತರಕ್ಕೆ ಬಂದವು! ಮತ್ತೆ 3ರ ಹಲಗೆ, ಕಾಲು ಬಿಚ್ಚಿ 2 ಮಾಡಿದೆವು. ಮಾವಿನ ಎರಡನ್ನು ಸೌದೆಗೆ ಮಾರಿ ಬಂದ ಹಣ ಸ್ಕ್ರೂಗೆ ಹೋಯಿತು. ತುಕ್ಕು ಹಿಡಿದ ಹಳೇ ಮೊಳೆ ಎಲ್ಲ ಕಿತ್ತು ಸ್ಟೀಲಿನ ಸ್ಕ್ರೂ ಹಾಕಿದ್ದು, ಉಪ್ಪುಗಾಳಿಯ ಊರಲ್ಲಿ ಅದೇ ಬಾಳುವುದು.

ಬಣ್ಣದ ವಿಷಯದಲ್ಲಿ ಮಾತ್ರ ಜಾಗ್ರತೆ ಬೇಕು. ಹಳೇ ಎನಾಮೆಲ್ ಪೇಂಟಿನಲ್ಲಿ ಸೀಸ ಇರಬಹುದು. ಮನೆಬಳಕೆಯ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಪಾಲು ಮೀರಬಾರದೆಂಬ ನಿಯಮ ನಮ್ಮ ದೇಶದಲ್ಲಿ ಜಾರಿಗೆ ಬಂದದ್ದೇ 2017ರ ನವೆಂಬರ್‌ನಲ್ಲಿ. ಸೀಸದ ಧೂಳು ಸಣ್ಣ ಮಕ್ಕಳ ಮೆದುಳಿಗೆ ಹಾನಿ. ಆದ್ದರಿಂದ ಉಜ್ಜುವಾಗ ನೀರು ಹಾಕಿ ಉಜ್ಜಬೇಕು, ಮೂಗಿಗೆ ಬಟ್ಟೆ ಸಾಲದು, ಮಾಸ್ಕ್ ಬೇಕು, ಮಕ್ಕಳು ಆ ಕಡೆ ಬರಬಾರದು. ಬಣ್ಣ ಬಳಿದ ಮರವನ್ನು ಅಡುಗೆ ಒಲೆಗೆ ಹಾಕಲೇಬಾರದು. ನೇರ್ಚೆಯ ಒಲೆಗೆ ಹಾಕಿದ್ದರೆ ಎಂತ ಆಗುತ್ತಿತ್ತೋ ಅಂತ ಈಗ ಹೆದರಿಕೆ ಆಗುತ್ತದೆ.

ಹೊರಗೆ ಇಡುವ ಎರಡಕ್ಕೆ ಗೇರು ಎಣ್ಣೆ ಹಚ್ಚಿದೆವು, ದೋಣಿಗೆ ಹಚ್ಚುವುದು ಅದೇ. ಗೆದ್ದಲು ಹತ್ತಿರ ಬರುವುದು ಕಮ್ಮಿ. ಆದರೆ ಹಸಿ ಎಣ್ಣೆ ಮೈಗೆ ತಾಗಿದರೆ ಚರ್ಮ ಸುಟ್ಟು ಬೊಬ್ಬೆ ಏಳುತ್ತದೆ, ಪೂರ್ತಿ ಒಣಗುವವರೆಗೆ ಯಾರನ್ನೂ ಕೂರಿಸಬೇಡಿ. ಕಾಲಿನ ಅಡಿಗೆ ಒಂದೊಂದು ಕಲ್ಲಿನ ತುಂಡು ಇಟ್ಟಿದ್ದೇವೆ, ಮಣ್ಣು ತಾಗದ ಹಾಗೆ.

ಇನ್ನು ಗೇಟಿನ ಬಳಿಯ ಸಿಮೆಂಟ್ ಬೆಂಚು ಒಂದು ಬಾಕಿ. ಒಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬಿ ಸಿಮೆಂಟು ಸೀಳಿದೆ, ಅದನ್ನು ರಿಪೇರಿ ಮಾಡಿ ಪ್ರಯೋಜನ ಇಲ್ಲ. ಒಡೆದು ಅಂಗಳದ ಹೊಂಡಕ್ಕೆ ತುಂಬಿಸಬಹುದು. ಆದರೆ ಒರಗುವ ಜಾಗದಲ್ಲಿ ದಾನಿಯ ಹೆಸರು ಕೆತ್ತಿದೆ, "ಅಬ್ದುಲ್" ಸೇರಿದ ಹೆಸರು. ಕಾಲಡಿಗೆ ಹಾಕಲು ಮನಸ್ಸು ಬರುವುದಿಲ್ಲ. (ಬೆನ್ನು ಒರಗಿಸುವ ಕಡೆ ಹೆಸರು ಬರೆಸುವುದು ಯಾಕೋ, ನಮಗೆ ಇಂದಿಗೂ ಅರ್ಥ ಆಗಿಲ್ಲ.) ಆ ಭಾಗವನ್ನು ಬೇರೆ ಕುಯ್ದು ತೆಗೆಯುವ ಎಂದು ಆಚಾರಿ ಹೇಳಿದ್ದಾರೆ. ದಾನಿಯ ಮಕ್ಕಳು ಗಲ್ಫ್‌ನಲ್ಲಿದ್ದಾರೆ, ಅವರಿಗೊಂದು ಮಾತು ಹೇಳದೆ ಮುಟ್ಟುವ ಹಾಗಿಲ್ಲ. ಈ ಜುಮಾ ಕಳೆದು ಫೋನ್ ಮಾಡಬೇಕು.