ತುಣುಕಾಗಿ ಬರೆಯಿರಿ, ಆಮೇಲೆ ಪೋಣಿಸಿರಿ

"ಬರೀಬೇಕಂತ ಆಸೆ ಐತ್ರಿ, ಆದ್ರ ಹೊತ್ತು ಎಲ್ಲಿ ಸಿಗತೈತಿ?" ಹಿರೇಕೆರೂರಿನಂಥ ಊರಿನಲ್ಲಿ ಯಾವ ಗೃಹಿಣಿಯನ್ನು ಕೇಳಿದರೂ ಇದೇ ಉತ್ತರ. ಒಲೆಯ ಮೇಲೆ ಹಾಲು, ಬಾಗಿಲಲ್ಲಿ ಶಾಲೆಗೆ ಹೊರಟ ಮಕ್ಕಳು, ನಡುವೆ ಹೊಲಕ್ಕೆ ಬುತ್ತಿ. ಎರಡು ತಾಸು ಒಂದೇ ಕಡೆ ಕೂಡುವ ಭಾಗ್ಯ ನಮಗಿಲ್ಲ, ನಿಜ. ಆದರೆ ಬರೆಯುವುದಕ್ಕೆ ಎರಡು ತಾಸು ಬೇಕೇ ಬೇಕೆ?

ನಿಮ್ಮ ಸೀಮೆಯ ಸರ್ವಜ್ಞನನ್ನೇ ನೋಡಿರಿ. ಅಬಲೂರು, ಮಾಸೂರುಗಳ ಹೆಸರಿನೊಂದಿಗೆ ಕೂಡಿಕೊಂಡ ಆ ಕವಿ ಹೇಳಿದ್ದು ಮೂರು ಮೂರೇ ಸಾಲು. ಪ್ರತಿ ತ್ರಿಪದಿಯಲ್ಲೂ ಒಂದು ಮಾತು ಪೂರ್ತಿ, ಕೊನೆಗೆ ಅವನ ಹೆಸರು. ಹೀಗೆ ಚದುರಿದ್ದ ತ್ರಿಪದಿಗಳನ್ನು ರೆವರೆಂಡ್ ಉತ್ತಂಗಿ ಚೆನ್ನಪ್ಪನವರು ಕೂಡಿಸಿ, ವಿಷಯವಾರು ವಿಂಗಡಿಸಿ, 1924ರಲ್ಲಿ ಪುಸ್ತಕವಾಗಿ ತಂದರು.

ಹೆಣ್ಣುಮಕ್ಕಳದೂ ಇದೇ ಕಥೆ. ಬೀಸುತ್ತ, ಕುಟ್ಟುತ್ತ ಅವರು ತ್ರಿಪದಿ ಕಟ್ಟಿದರು. ಅವನ್ನು ಆರಿಸಿ ಹಲಸಂಗಿಯ ಗೆಳೆಯರು 1931ರಲ್ಲಿ 'ಗರತಿಯ ಹಾಡು' ಪ್ರಕಟಿಸಿದರು. ಹಾಡು ಉಳಿಯಿತು, ಕಟ್ಟಿದ ಗರತಿಯರ ಹೆಸರು ಉಳಿಯಲಿಲ್ಲ. ಈ ಮಾತು ಮನಸ್ಸಿನಲ್ಲಿರಲಿ.

ಇಂದು ನಿಮ್ಮ ತುಣುಕುಗಳನ್ನು ಕೂಡಿಸಲು ಇನ್ನಾರೋ ಬರಲೆಂದು ಕಾಯಬೇಕಿಲ್ಲ. ಕೈಯಲ್ಲಿರುವ ಮೊಬೈಲೇ ಸಾಕು.

ಹೇಗೆ ಮಾಡಬೇಕು?

'ಗೂಗಲ್ ಕೀಪ್' ಎಂಬ ಆ್ಯಪ್ ಪುಕ್ಕಟೆ ಸಿಗುತ್ತದೆ. ಇದರಲ್ಲಿ ಒಂದೊಂದು ಟಿಪ್ಪಣಿಯೂ ಒಂದೊಂದು ಚೀಟಿಯಿದ್ದಂತೆ. ಕೈಗೆ ಹಿಟ್ಟು ಮೆತ್ತಿದ್ದರೆ ಕೀಲಿಮಣೆಯ ಮೈಕ್ ಒತ್ತಿ ಕನ್ನಡದಲ್ಲಿ ಹೇಳಿದರೂ ಆದೀತು. ತಪ್ಪು ಬಿದ್ದ ಅಕ್ಷರಗಳನ್ನು ಬಿಡುವಾದಾಗ ತಿದ್ದಿರಿ.

ಒಂದು ಚೀಟಿಗೆ ಒಂದೇ ವಿಷಯ. "ಅದೇ ಪುಡಿ ಹಾಕಬೇಕು" ಎಂದು ಬರೆದರೆ ಆರು ತಿಂಗಳ ಮೇಲೆ ನಿಮಗೇ ತಿಳಿಯದು. "ಅತ್ತೆಯವರು ಎಣಗಾಯಿಗೆ ಗುರೆಳ್ಳು ಹುರಿದು ಪುಡಿ ಮಾಡಿ ಹಾಕುತ್ತಾರೆ" ಎಂದು ಬರೆದರೆ ಅದು ಸರ್ವಜ್ಞನ ತ್ರಿಪದಿಯಂತೆ ತನ್ನಷ್ಟಕ್ಕೆ ತಾನು ಪೂರ್ತಿ. ಕೆಳಗೆ ತಾರೀಖು, ಹೇಳಿದವರ ಹೆಸರು ಇರಲಿ.

ಬರೆಯುವಾಗಲೇ ಕ್ರಮದ ಚಿಂತೆ ಬೇಡ. ಹದಿನೈದು ದಿನಕ್ಕೊಮ್ಮೆ, ಮಧ್ಯಾಹ್ನ ಮನೆ ತಣ್ಣಗಾದಾಗ, ಚೀಟಿಗಳಿಗೆ ಲೇಬಲ್ ಹಚ್ಚಿರಿ: ಅಡಿಗೆ, ಮನೆಮದ್ದು, ತವರಿನ ನೆನಪು, ಹಾಡು. ಒಂದು ಲೇಬಲ್ ಒತ್ತಿದರೆ ಆ ಗುಂಪಿನವೆಲ್ಲ ಒಟ್ಟಿಗೆ ಬರುತ್ತವೆ. ಬೇಕಾದ ಚೀಟಿಗಳನ್ನು ಆಯ್ದು 'ಗೂಗಲ್ ಡಾಕ್ಸ್'ಗೆ ಕಳಿಸಿದರೆ ಒಂದೇ ಬರಹದಲ್ಲಿ ಕೂಡುತ್ತವೆ. ಅಲ್ಲಿ ಹಿಂದುಮುಂದು ಮಾಡಿ, ನಡುವೆ ಎರಡು ಮಾತು ಸೇರಿಸಿದರೆ ಲೇಖನ ತಯಾರು. ಹೂವು ಬಿಡಿಸುವುದು ಬೆಳಿಗ್ಗೆ, ಮಾಲೆ ಕಟ್ಟುವುದು ಸಂಜೆ, ಅಷ್ಟೇ.

ಬರಹ ಬೆಳೆದು ಪುಸ್ತಕದ ಮಟ್ಟಕ್ಕೆ ಬಂದರೆ ಕಂಪ್ಯೂಟರಿನಲ್ಲಿ 'ಸ್ಕ್ರಿವನರ್' ಇದೆ. ಅದರಲ್ಲಿ ಅಧ್ಯಾಯಗಳನ್ನು ಹಲಗೆಗೆ ಚುಚ್ಚಿದ ಚೀಟಿಗಳಂತೆ ಸರಿಸಬಹುದು. ಆದರೆ ಅದಕ್ಕೆ ಹಣ ಕೊಡಬೇಕು. 'ಅಬ್ಸಿಡಿಯನ್' ಪುಕ್ಕಟೆ, ಇಂಟರ್‌ನೆಟ್ ಇಲ್ಲದಿದ್ದರೂ ನಡೆಯುತ್ತದೆ; ಒಂದು ಚೀಟಿಯಿಂದ ಇನ್ನೊಂದಕ್ಕೆ ಕೊಂಡಿ ಹಾಕಬಹುದು.

ಒಂದೆರಡು ಎಚ್ಚರಿಕೆ

ಬ್ಯಾಂಕಿನ ಗುಟ್ಟಿನ ಸಂಖ್ಯೆಗಳನ್ನು ಇಲ್ಲಿ ಬರೆಯಬೇಡಿರಿ. ನಿಮ್ಮ ಗೂಗಲ್ ಖಾತೆಯ ಪಾಸ್‌ವರ್ಡ್ ನಿಮಗೇ ಗೊತ್ತಿರಲಿ. ಫೋನು ಕೆಟ್ಟರೂ ಬರಹ ಸಿಗುವುದು ಅದರಿಂದಲೇ. ಬೆಲೆಬಾಳುವುದನ್ನು ವರ್ಷಕ್ಕೊಮ್ಮೆ ಮುದ್ರಿಸಿ ಪೆಟ್ಟಿಗೆಯಲ್ಲಿಡಿರಿ.

ಅತ್ತೆ, ಅಜ್ಜಿಯರು ಎದುರಿಗಿರುವಾಗಲೇ ಕೇಳಿ ಬರೆದುಕೊಳ್ಳಿರಿ, ಸೋದರಿಯರೇ. ಇವತ್ತು ಕುಕ್ಕರ್ ಮೂರು ಸೀಟಿ ಹೊಡೆಯುವಷ್ಟರಲ್ಲಿ ಮೂರು ಸಾಲು ಬರೆಯಿರಿ. ಕೆಳಗೆ ನಿಮ್ಮ ಹೆಸರು ಹಾಕಲು ಮರೆಯಬೇಡಿರಿ.