ಸೆಂಟ್ ಎಣಿಸುವ ಕಿತ್ತಳೆ ಬೆಳಕು

ಮಾರ್ಚ್ ಬಂತೆಂದರೆ ಅಮ್ಮತ್ತಿಯ ಕಾಫಿ ಬೆಳೆಗಾರರು ಎದುರಾದಾಗ ಕೇಳುವುದು ಒಂದೇ ಮಾತು: 'ನಿಮ್ಮಲ್ಲಿ ಎಷ್ಟು ಸೆಂಟ್ ಬಿತ್ತು?' ಇಲ್ಲಿ ಮಳೆಯ ಲೆಕ್ಕ ಇಂಚು, ಸೆಂಟ್‌ಗಳಲ್ಲಿ. ನೂರು ಸೆಂಟ್ ಸೇರಿದರೆ ಒಂದು ಇಂಚು. ರೊಬಸ್ಟಾ ಚೆನ್ನಾಗಿ ಹೂ ಬಿಡಲು ಇಂಚಿನಷ್ಟಾದರೂ ಹೂಮಳೆ ಬೇಕು. ಈ ಲೆಕ್ಕಕ್ಕೆ, ಹತ್ತು ಹತ್ತಾಗಿ ಎಣಿಸುವ ಡೆಕಾಟ್ರಾನ್ ಹೇಳಿ ಮಾಡಿಸಿದಂತಿದೆ.

ಜಗಲಿಯ ಮೇಜಿನ ಮೇಲೆ ನಾನು ನಿಲ್ಲಿಸಿರುವುದು ಅಂಥ ಮೂರು ಗಾಜಿನ ನಳಿಕೆಗಳು. ಇಂಗ್ಲೆಂಡಿನ ಬೀಸ್ಟನ್‌ನಲ್ಲಿದ್ದ ಎರಿಕ್ಸನ್ ಟೆಲಿಫೋನ್ಸ್ ಕಂಪನಿಯ ಜಿಸಿ10ಬಿ ಮಾದರಿ. ನಡುವೆ ದುಂಡನೆಯ ಆನೋಡ್ ಬಿಲ್ಲೆ, ಅದರ ಸುತ್ತ 30 ಸಣ್ಣ ಕಡ್ಡಿಗಳು: 10 ಕ್ಯಾಥೋಡ್, 20 ಗೈಡ್. ಯಾವುದಾದರೂ ಒಂದೇ ಕಡ್ಡಿಯ ಸುತ್ತ ನಿಯಾನ್ ಕಿತ್ತಳೆ ಬಣ್ಣದಲ್ಲಿ ಹೊಳೆಯುತ್ತದೆ. ಬೆಳಕು ನಿಂತ ಜಾಗವೇ ಅಂಕಿ. ಎಣಿಸುವುದೂ ತೋರಿಸುವುದೂ ನೆನಪಿಡುವುದೂ ಅದೇ.

ನಳಿಕೆಗೆ ಸುಮಾರು 475 ವೋಲ್ಟ್ ಬೇಕು. ಅನಿಲ ಒಮ್ಮೆ ಹೊತ್ತಿಕೊಂಡರೆ ಅದರಲ್ಲಿ ಉಳಿಯುವುದು 190 ವೋಲ್ಟಿನಷ್ಟು. ಮಿಕ್ಕದ್ದನ್ನು ಆನೋಡಿಗೆ ಕಟ್ಟಿದ 820 ಕಿಲೊಓಮ್ ರೆಸಿಸ್ಟರ್ ಹೊರುತ್ತದೆ. ಹರಿಯುವುದು ಒಂದು ಮಿಲಿಆಂಪಿಯರಿನ ಮೂರನೇ ಒಂದು ಭಾಗ ಮಾತ್ರ. ಗುಡುಗಿದರೆ ಕರೆಂಟ್ ಹೋಗುವ ಊರಿನಲ್ಲಿ 12 ವೋಲ್ಟ್ ಬ್ಯಾಟರಿಯಿಂದಲೇ ಇಷ್ಟನ್ನು ಏರಿಸಿಕೊಳ್ಳಬೇಕು. ಬೆಳಕು ಆರಿದರೆ ಲೆಕ್ಕವೂ ಹೋದಂತೆ.

ಅಂಗಳದ ಮಾಪಕದ ಪುಟ್ಟ ಬಟ್ಟಲು ಒಂದು ಸೆಂಟ್ ನೀರು ತುಂಬಿದೊಡನೆ ವಾಲುತ್ತದೆ. ಅಯಸ್ಕಾಂತ ರೀಡ್ ಸ್ವಿಚ್ಚನ್ನು ಮುಚ್ಚುತ್ತದೆ. ಆಗ ಸ್ವಿಚ್ಚಿನ ತುಟಿಗಳು ಕೆಲವು ಬಾರಿ ನಡುಗುತ್ತವೆ. ಆ ನಡುಕವನ್ನೆಲ್ಲ ಸರ್ಕ್ಯೂಟ್ ಒಂದೇ ಎಣಿಕೆಯೆಂದು ತಿಳಿಯಬೇಕು. ಮೊದಲ ಗೈಡನ್ನು ಕ್ಯಾಥೋಡಿಗಿಂತ 80 ವೋಲ್ಟಿನಷ್ಟು ಕೆಳಗೆಳೆದರೆ ಬೆಳಕು ಅದರತ್ತ ಸರಿಯುತ್ತದೆ. ಸುಮಾರು 70 ಮೈಕ್ರೊಸೆಕೆಂಡ್ ಕಳೆದು ಅದನ್ನು ಬಿಟ್ಟು ಎರಡನೆಯದನ್ನು ಎಳೆದರೆ ಇನ್ನೊಂದು ಹೆಜ್ಜೆ. ಅದನ್ನೂ ಬಿಟ್ಟಾಗ ಹತ್ತಿರದ ಮುಂದಿನ ಕ್ಯಾಥೋಡಿಗೆ ಬಂದು ನಿಲ್ಲುತ್ತದೆ. ಪಕ್ಕದ ಅನಿಲ ಆಗಲೇ ಸಜ್ಜಾಗಿರುವುದರಿಂದ ಬೆಳಕು ನೆರೆಮನೆಗಷ್ಟೇ ಹೋಗುತ್ತದೆ. ಗೈಡ್‌ಗಳ ಸರದಿ ತಿರುಗಿಸಿದರೆ ಎಣಿಕೆ ಹಿಂದಕ್ಕೆ ನಡೆಯುತ್ತದೆ. ಇದೇ ಹೆಜ್ಜೆಯನ್ನು ನಂಬಿ 1951ರಲ್ಲಿ ಹಾರ್‌ವೆಲ್‌ನಲ್ಲಿ 828 ಡೆಕಾಟ್ರಾನ್‌ಗಳ ಕಂಪ್ಯೂಟರ್ ಕಟ್ಟಿದರು. 2012ರಲ್ಲಿ ಬ್ಲೆಚ್ಲಿ ಪಾರ್ಕಿನ ಮ್ಯೂಸಿಯಂನಲ್ಲಿ ಅದು ಮತ್ತೆ ಚಾಲೂ ಆಯಿತು.

ಸೊನ್ನೆಯ ಕ್ಯಾಥೋಡ್ ಬೆಳಗಿದಾಗ ಸಿಗುವ ಪಲ್ಸ್ ಪಕ್ಕದ ನಳಿಕೆಯನ್ನು ಒಂದು ಹೆಜ್ಜೆ ನಡೆಸುತ್ತದೆ. ಹೀಗೆ ಮೂರೂ ಸೇರಿ 9 ಇಂಚು 99 ಸೆಂಟ್‌ವರೆಗೆ ಎಣಿಸಬಲ್ಲವು.

ಆದರೆ ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಇಲ್ಲಿ ಮಳೆ ಅಪರೂಪ. ಡೆಕಾಟ್ರಾನ್ ಒಂದೇ ಕ್ಯಾಥೋಡಿನಲ್ಲಿ ವಾರಗಟ್ಟಲೆ ಉರಿದರೆ ಆಮೇಲೆ ಹೆಜ್ಜೆ ಕೀಳಲು ತಡವರಿಸುತ್ತದೆ. ಅದಕ್ಕಾಗಿ ರಾತ್ರಿ ಹೊತ್ತು ನಳಿಕೆಗಳ ನಡುವಿನ ಕೊಂಡಿ ತಪ್ಪಿಸಿ, ಮೂರನ್ನೂ ಸ್ವಲ್ಪ ಹೊತ್ತು ಪೂರ್ತಿ ಸುತ್ತುಗಳಲ್ಲಿ ಓಡಿಸುವ ಏರ್ಪಾಡು ಮಾಡಿದೆ. ಹತ್ತು ಹೆಜ್ಜೆಗೆ ಒಂದು ಸುತ್ತು. ಹಾಗಾಗಿ ಬೆಳಕು ಹೊರಟ ಅಂಕಿಗೇ ಮರಳುತ್ತದೆ, ಲೆಕ್ಕ ಕಾಯಲು ಬೇರೆ ಚಿಪ್ ಬೇಡ. ನಳಿಕೆಯ ಸ್ವಭಾವವನ್ನೂ ಊರಿನ ಹವೆಯನ್ನೂ ಅರಿತು ಕಟ್ಟಿದ ಸರ್ಕ್ಯೂಟ್ ಇದ್ದರೆ, ಹಳೆಯ ಡೆಕಾಟ್ರಾನ್ ಕಪಾಟಿನ ಅಲಂಕಾರವಾಗದೆ ಇನ್ನೂ ತೋಟದ ಕೆಲಸಕ್ಕೆ ಬರುತ್ತದೆ.