ನಂಜಿನ ಸುಳಿವು ರಕ್ತಕಣದಲ್ಲಿದೆ

ಹೊಲದಲ್ಲಿ ಕಾಲಿಗೆ ಚುಚ್ಚಿದ ಮುಳ್ಳು, ಬಾಣಂತಿಯ ಜ್ವರ, ವೃದ್ಧರ ಮೂತ್ರನಾಳದ ಸೋಂಕು, ಹಸುಗೂಸಿನ ನ್ಯುಮೋನಿಯಾ ಬೇರೆ ಬೇರೆ ತೊಂದರೆಗಳು. ಆದರೆ ಸೋಂಕು ಕೈಮೀರಿದರೆ ಇವೆಲ್ಲವೂ ಸೆಪ್ಸಿಸ್‌ಗೆ ದಾರಿಯಾಗಬಲ್ಲವು. ಸೋಂಕಿನ ವಿರುದ್ಧ ದೇಹ ಹೂಡುವ ಪ್ರತಿರೋಧವೇ ಹದ್ದುಮೀರಿ ತನ್ನ ಅಂಗಾಂಗಗಳನ್ನು ಘಾಸಿಗೊಳಿಸುವ ಸ್ಥಿತಿ ಇದು. 2020ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆ ಪ್ರಕಟಿಸಿದ ಅಂದಾಜಿನಂತೆ, 2017ರಲ್ಲಿ ಜಗತ್ತಿನಾದ್ಯಂತ 4.89 ಕೋಟಿ ಜನ ಇದಕ್ಕೆ ತುತ್ತಾದರು, 1.1 ಕೋಟಿ ಜನ ಅಸುನೀಗಿದರು.

ಇಲ್ಲಿ ಕಾಲವೇ ನಿರ್ಣಾಯಕ. ಸೆಪ್ಸಿಸ್‌ನಿಂದ ರಕ್ತದೊತ್ತಡ ಕುಸಿದಿರುವ ರೋಗಿಗೆ ಒಂದು ಗಂಟೆಯೊಳಗೆ ಆ್ಯಂಟಿಬಯೊಟಿಕ್ ಆರಂಭಿಸಬೇಕೆಂದು 2021ರ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ರೋಗಾಣುವನ್ನು ಗುರುತಿಸುವ ರಕ್ತದ ಕಲ್ಚರ್ ಪರೀಕ್ಷೆಗಾದರೋ ಒಂದೆರಡು ದಿನಗಳೇ ಬೇಕು. ಶಹಾಪುರ ತಾಲ್ಲೂಕಿನ ವನದುರ್ಗದ ರೋಗಿ ಶಹಾಪುರಕ್ಕೆ, ಅಲ್ಲಿಂದ ಯಾದಗಿರಿಗೋ ಕಲಬುರಗಿಗೋ ಸಾಗಬೇಕಾಗಿ ಬಂದರೆ ಅಮೂಲ್ಯ ಗಂಟೆಗಳು ದಾರಿಯಲ್ಲೇ ಕಳೆದುಹೋಗುತ್ತವೆ.

ಈ ಅಂತರವನ್ನು ತುಸು ತಗ್ಗಿಸಬಲ್ಲವು ರಕ್ತಕಣಗಳು. ವಯಸ್ಕರಲ್ಲಿ ಪ್ರತಿ ಘನ ಮಿಲಿಮೀಟರಿಗೆ ಬಿಳಿ ರಕ್ತಕಣಗಳು 12,000 ಮೀರಿದರೆ ವೈದ್ಯರು ಎಚ್ಚರಗೊಳ್ಳುತ್ತಾರೆ. 4,000ಕ್ಕಿಂತ ಇಳಿದರೂ ಅಷ್ಟೇ ಆತಂಕ ಪಡಬೇಕೆಂಬುದು ಹಲವರಿಗೆ ತಿಳಿಯದು. ಎಲುಬಿನ ಮಜ್ಜೆಯಿಂದ ಬಲಿಯುವ ಮುನ್ನವೇ ಹೊರಬಿದ್ದ ನ್ಯೂಟ್ರೊಫಿಲ್ ಕಣಗಳು ಶೇ 10ನ್ನು ದಾಟುವುದು, ಪ್ಲೇಟ್‌ಲೆಟ್‌ಗಳು ಒಂದು ಲಕ್ಷಕ್ಕಿಂತ ಕುಸಿಯುವುದು ಕೂಡ ಅಪಾಯದ ಗುರುತುಗಳೇ. ಇವನ್ನೆಲ್ಲ ತಿಳಿಯಲು ಸಾಮಾನ್ಯ ರಕ್ತಪರೀಕ್ಷೆ, ಸೂಕ್ಷ್ಮದರ್ಶಕ ಮತ್ತು ಪಳಗಿದ ಕಣ್ಣು ಸಾಕು.

ವಿಜ್ಞಾನ ಇನ್ನೂ ಮುಂದೆ ಸಾಗಿದೆ. ಬ್ಯಾಕ್ಟೀರಿಯಾ ಸೋಂಕು ತಗುಲಿದಾಗ ನ್ಯೂಟ್ರೊಫಿಲ್‌ಗಳ ಮೇಲ್ಮೈಯಲ್ಲಿ ಸಿಡಿ64 ಎಂಬ ಪ್ರೋಟೀನು ಹೆಚ್ಚುತ್ತದೆ. ಮೊನೊಸೈಟ್ ಕಣಗಳ ಗಾತ್ರದಲ್ಲಿ ಏರುಪೇರು ಹೆಚ್ಚಾಗುತ್ತದೆ. ಈ ಏರುಪೇರನ್ನು ರಕ್ತಕಣ ಎಣಿಸುವ ಯಂತ್ರವೇ ಅಳೆಯುವ ವಿಧಾನಕ್ಕೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2019ರಲ್ಲಿ ಅನುಮತಿ ನೀಡಿತು. ಸಿಡಿ64 ಅಳೆಯಲು ಮಾತ್ರ ಫ್ಲೋ ಸೈಟೋಮೀಟರ್ ಎಂಬ ದುಬಾರಿ ಉಪಕರಣ ಬೇಕು.

ಹಾಗೆಂದು ಒಂದು ಅಂಕಿಯನ್ನೇ ನೆಚ್ಚುವಂತಿಲ್ಲ. ಡೆಂಗಿಯಲ್ಲೂ ಪ್ಲೇಟ್‌ಲೆಟ್ ಕುಸಿಯುತ್ತದೆ. ಸ್ಟಿರಾಯ್ಡ್ ಸೇವಿಸಿದವರಲ್ಲಿ ಬಿಳಿ ಕಣಗಳು ಏರುತ್ತವೆ. ಏದುಸಿರು, ಮಂಕು ಕವಿದ ಪ್ರಜ್ಞೆ, ಕಡಿಮೆಯಾದ ಮೂತ್ರ, ತಣ್ಣಗಾದ ಕೈಕಾಲುಗಳ ಜೊತೆಗಿಟ್ಟು ನೋಡಿದಾಗಲೇ ಕಣಗಳ ಲೆಕ್ಕಕ್ಕೆ ಅರ್ಥ. ವರದಿ ಸಾಮಾನ್ಯವಾಗಿದೆಯೆಂದು ಕಂಗೆಟ್ಟ ರೋಗಿಯನ್ನು ಮನೆಗೆ ಕಳುಹಿಸುವುದು ಅಪಾಯಕರ.

ವಿಶ್ವ ಆರೋಗ್ಯ ಸಭೆ 2017ರಲ್ಲಿ ಸೆಪ್ಸಿಸ್ ತಡೆ, ಪತ್ತೆ ಮತ್ತು ಚಿಕಿತ್ಸೆಯನ್ನು ಬಲಪಡಿಸುವಂತೆ ಸದಸ್ಯ ರಾಷ್ಟ್ರಗಳನ್ನು ಕೋರುವ ನಿರ್ಣಯ ಅಂಗೀಕರಿಸಿತು. ಅದು ಸಾರ್ಥಕವಾಗಬೇಕಾದುದು ತಾಲ್ಲೂಕು ಆಸ್ಪತ್ರೆಗಳಲ್ಲಿ. ರಾತ್ರಿಯೂ ರಕ್ತಕಣ ಪರೀಕ್ಷೆ ದೊರೆಯಬೇಕು. ಅಪಾಯದ ಅಂಕಿ ಕಂಡೊಡನೆ ಪ್ರಯೋಗಾಲಯದ ಸಿಬ್ಬಂದಿ ವೈದ್ಯರಿಗೆ ದೂರವಾಣಿ ಮಾಡಬೇಕು. ರೋಗಿಯನ್ನು ದೊಡ್ಡ ಆಸ್ಪತ್ರೆಗೆ ಸಾಗಿಸುವ ಮುನ್ನ ಸಾಧ್ಯವಿದ್ದರೆ ಕಲ್ಚರ್‌ಗೆ ರಕ್ತ ತೆಗೆದು, ವೈದ್ಯರ ತೀರ್ಮಾನದಂತೆ ಮೊದಲ ಔಷಧ ನೀಡಬೇಕು. ಕೊಟ್ಟ ಔಷಧ, ಅದರ ಸಮಯ ಹಾಗೂ ಕಣಗಳ ಲೆಕ್ಕ ಚೀಟಿಯಲ್ಲಿರಬೇಕು. ಯಾದಗಿರಿಯಲ್ಲಿ ಈಗ ಸರ್ಕಾರಿ ವೈದ್ಯಕೀಯ ಕಾಲೇಜಿದೆ. ಸುತ್ತಲಿನ ಸಿಬ್ಬಂದಿಗೆ ಈ ತರಬೇತಿ ನೀಡುವ ಹೊಣೆಯನ್ನು ಅದಕ್ಕೆ ವಹಿಸಬಹುದು. ದುಬಾರಿ ಯಂತ್ರಗಳು ಬರುವವರೆಗೆ ವನದುರ್ಗದ ರೋಗಿ ಕಾಯಬೇಕಾಗಿಲ್ಲ.